ಬಿಸಿಯಾದ ಮೇಲೆ ಕೂಗುವ ಬೇರಿಂಗ್

ನನ್ನ ಪಂಕ್ಚರ್ ಅಂಗಡಿಗೂ ಪಕ್ಕದ ಮೆಕ್ಯಾನಿಕ್ಕನ ಗ್ಯಾರೇಜಿಗೂ ಮಧ್ಯೆ ಇರುವುದು ಒಂದು ತಗಡಿನ ಗೋಡೆ, ಅಷ್ಟೇ. ಬೀದಿಯವರೆಲ್ಲ ಅವನನ್ನು ಡಾಕ್ಟರ್ ಅನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡೇ ರೋಗ ಹೇಳಿಬಿಡುತ್ತಾನೆ. ಆದರೆ ಯಾವ ಗಾಡಿ ಬಂದರೂ ಮೊದಲು ಅರ್ಧ ಗಂಟೆ ಎಂಜಿನ್ ಓಡಲೇಬೇಕು. ಸುಮ್ಮನೆ ಪೆಟ್ರೋಲ್ ಸುಡುತ್ತಾನೆ ಎಂದು ಗಿರಾಕಿಗಳು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ, ನನಗೆ ಕಾರಣ ಗೊತ್ತು.

ಮೂರು ವರ್ಷದ ಹಿಂದೆ ಅವನ ತಮ್ಮ, ಕಾರು ಕುಂಯ್‌ಗುಡುತ್ತಿದೆ ಎಂದು ತಂದಿದ್ದ. ಡಾಕ್ಟರ್ ಊಟ ಮುಗಿಸಿ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಎರಡು ನಿಮಿಷ ಕೇಳಿ, "ಗಾಡಿಗೇನೂ ಆಗಿಲ್ಲ, ಹೋಗಿ ನಿನ್ನ ಕಿವಿ ತೋರಿಸ್ಕೊ" ಎಂದು ನಕ್ಕ. ನಾನೂ ನಕ್ಕೆ, ಅದು ಇವತ್ತಿಗೂ ಚುಚ್ಚುತ್ತದೆ. ಬಿಸಿಯಾದ ಮೇಲಷ್ಟೇ ಕೂಗುವ, ಬೆಲ್ಟಿನ ಪುಲ್ಲಿಯೊಳಗಿನ ಬೇರಿಂಗ್ ಅದು. ಸಂಜೆ ಏರಿನಲ್ಲಿ ಬೇರಿಂಗ್ ಜಾಮ್ ಆಗಿ, ಬೆಲ್ಟ್ ಹರಿದು, ಕಾರು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ಲಾರಿ ಬಂತು. ತಮ್ಮ ಉಳಿಯಲಿಲ್ಲ. ಅವನು ಅವತ್ತು ಗ್ಯಾರೇಜಿಗೆ ಬಂದಿದ್ದನೆಂದು ಡಾಕ್ಟರ್ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬೀದಿಯಲ್ಲಿ ಯಾವ ಗಾಡಿ ಕುಂಯ್ ಎಂದರೂ ಬೆಚ್ಚಿ ಎದ್ದು ಬಾಗಿಲಿಗೆ ಬರುತ್ತಾನೆ.

ಮೊನ್ನೆ ತಮ್ಮನ ಹೆಂಡತಿ, ತಾನು ಹೊಸದಾಗಿ ಕೊಂಡ ಹಳೇ ಕಾರನ್ನು ತಂದು ನಿಲ್ಲಿಸಿದಳು. ಅದೇ ಸದ್ದು. ಡಾಕ್ಟರ್ ಮುಖ ಬಿಳಿಚಿಕೊಂಡಿತು. ಎಂಜಿನ್ ಕಾದ ಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡ. ಆಲ್ಟರ್ನೇಟರ್ ನೆಟ್ಟಗಿತ್ತು, ನೀರಿನ ಪಂಪೂ ನೆಟ್ಟಗಿತ್ತು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿಗೆ ತುದಿ ತಾಗಿಸಿದ್ದೇ ತಡ, ಹಿಡಿಯನ್ನು ಕಿವಿಯಿಂದ ಕಿತ್ತುಕೊಂಡ. ಹೊಸ ಪುಲ್ಲಿ ಹಾಕಿ ನಾಲ್ಕು ಸಲ ಸ್ಟಾರ್ಟ್ ಮಾಡಿ ನೋಡಿದ. ಸದ್ದು ಹೋಗಿತ್ತು.

ಕೀ ಕೊಡಬೇಕಿತ್ತು, ಕೊಡಲಿಲ್ಲ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರ ಎಂದು ನನಗೂ ಅನ್ನಿಸಿತು.

"ನೋಡಮ್ಮ, ಅವತ್ತು ಮಧ್ಯಾಹ್ನ ಅವನು ಇಲ್ಲಿಗೆ ಬಂದಿದ್ದ. ನಾನೇ..."

"ಗೊತ್ತು ಭಾವ," ಎಂದಳು ಅವಳು. "ಇಲ್ಲಿಂದ ಹೊರಟ ತಕ್ಷಣ ಫೋನ್ ಮಾಡಿದ್ರು. ಅಣ್ಣ ಕೇಳಿ ನೋಡಿದಾನೆ, ಏನೂ ಇಲ್ವಂತೆ, ಅಂದ್ರು."

"ಗೊತ್ತಿದ್ದೂ ನನ್ನ ಹತ್ರ ತಂದ್ಯಾ?"

"ಇನ್ಯಾರು ಇಷ್ಟು ಹೆದರಿಕೊಂಡು ನೋಡ್ತಾರೆ ಭಾವ? ದಿನಾ ಮಗಳನ್ನ ಕೂರಿಸ್ಕೊಂಡು ಹೋಗ್ಬೇಕು ನಾನು."

ಡಾಕ್ಟರನ ಮುಷ್ಟಿಯಿಂದ ಕೀಯನ್ನು ಅವಳೇ ಬಿಡಿಸಿಕೊಳ್ಳಬೇಕಾಯಿತು.