ಭಾಲ್ಕಿ ಬಜಾರಿನಿಂದ ಬಂದ ಉತ್ತರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಔರಾದ ತಾಲ್ಲೂಕಿನ ಸಂತಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಬೀದರಿನ ಚಿದ್ರಿಯಿಂದ ದಿನಾ ಬಸ್ಸು. ಹೋಮ್‌ವರ್ಕ್ ಕೊಟ್ಟರೆ ಒಬ್ಬರು ಮಾಡುವುದು, ಉಳಿದವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನೇ ಇಳಿಸಿಕೊಳ್ಳುವುದು. ನೋಡಿ ನೋಡಿ ಸಾಕಾಗಿ ಎಲ್ಲವನ್ನೂ ಆನ್‌ಲೈನಿಗೆ ಹಾಕಿದೆ. ವಾರಕ್ಕೆ ಹತ್ತು ಲೆಕ್ಕ, ಒಬ್ಬೊಬ್ಬರ ಲೆಕ್ಕದಲ್ಲೂ ಬೇರೆ ಬೇರೆ ಸಂಖ್ಯೆ. ತಪ್ಪಾದರೆ ಕೆಂಪು ಗುರುತು ಬೀಳುತ್ತದೆ, ಇನ್ನೊಂದೇ ಸಲ ಬಿಡಿಸಲು ಅವಕಾಶ.

"ಇನ್ನ ಹ್ಯಾಂಗ ಕಾಪಿ ಹೊಡೀತೀರಿ, ನೋಡೇ ಬಿಡ್ತೇನಿ" ಎಂದು ಕ್ಲಾಸಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಸುಳ್ಳೇಕೆ, ಕೆಲಸವೂ ಆಯಿತು. ಲೆಕ್ಕವೆಂದರೆ ಮಾರು ದೂರ ಓಡುತ್ತಿದ್ದವರು ಕೂಡ ಆ ಕೆಂಪನ್ನು ಅಳಿಸುವ ಹಟಕ್ಕೆ ಬಿದ್ದರು. ನಾನಂತೂ ಖುಷಿಯಲ್ಲಿದ್ದೆ.

ಒಂದು ದಿನ ಹತ್ತನೇ ಕ್ಲಾಸಿನಲ್ಲಿ ಪಾಠ ನಡೆದಿತ್ತು. ಯಾರ್‍ಯಾರು ಮುಗಿಸಿದ್ದಾರೆ ಎಂದು ನನ್ನ ಫೋನಿನಲ್ಲಿ ಕಣ್ಣಾಡಿಸಿದರೆ, ಎರಡನೇ ಬೆಂಚಿನ ಹುಡುಗಿಯ ಉತ್ತರಗಳು ಆಗಲೇ, ನಾನು ನೋಡುತ್ತಿದ್ದಂತೆಯೇ, ಒಂದೊಂದಾಗಿ ಬಂದು ಬೀಳುತ್ತಿವೆ! ಹುಡುಗಿ ನನ್ನೆದುರಿಗೇ ಕೂತಿದ್ದಾಳೆ. ಕೈಯಲ್ಲಿ ಪೆನ್ನು ಬಿಟ್ಟರೆ ಏನೂ ಇಲ್ಲ.

"ಏಳು ಮ್ಯಾಲ. ನಿನ್ನ ಲೆಕ್ಕ ಯಾರು ಮಾಡ್ಲಿಕತ್ತಾರ?"

"ನಾನೇ ಮಾಡೀನ್ರಿ ಮೇಡಂ."

"ನೀ ಇಲ್ಲಿ ಕೂತಿದಿ, ಉತ್ತರ ಎಲ್ಲಿಂದೋ ಬರ್ಲಿಕತ್ತದ. ದೆವ್ವ ಮಾಡ್ತದೇನು?"

ಕ್ಲಾಸೆಲ್ಲ ಗೊಳ್ಳೆಂದಿತು. ಅವಳ ಮುಖ ಬಾಡಿತು. ನಾನು ಅಷ್ಟಕ್ಕೆ ಬಿಡಲಿಲ್ಲ. ಹತ್ತಕ್ಕೆ ಸೊನ್ನೆ ಹಾಕುತ್ತೇನೆ, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದೆ. ಆ ಅಂಕಗಳು ಅವಳ ವಾರ್ಷಿಕ ಫಲಿತಾಂಶಕ್ಕೆ ಸೇರುವಂಥವು.

ಮರುದಿನ ಅಪ್ಪ ಮಗಳ ಜೊತೆ ಕ್ಲಾಸಿಗೇ ಬಂದರು. ಊರೂರಿನ ವಾರದ ಬಜಾರುಗಳಲ್ಲಿ ಚಾದರ ಮಾರುವವರು. ಹೆಗಲ ಮೇಲಿನ ಗಂಟನ್ನು ಬಾಗಿಲಲ್ಲೇ ಇಳಿಸಿದರು.

"ನಮ್ಮ ಗಲ್ಲಿನ್ಯಾಗ ನೆಟ್‌ವರ್ಕ್ ಬರಲ್ರಿ ಮೇಡಂ. ಸಂಜಿಗಿ ನಾ ಬಸ್ ಇಳಿದ ಕೂಡ್ಲೆ ಅಲ್ಲೇ ಬಂದು ನನ್ನ ಫೋನ್ ನೋಡಿ ಲೆಕ್ಕ ಬರ್ಕೋತಾಳ. ಮನ್ಯಾಗ ಕೂತು ಬಿಡಸ್ತಾಳ. ಜವಾಬ್ ಎಲ್ಲಾ ಚೀಟಿ ಮ್ಯಾಲ ಬರ್ದು ಕೊಡ್ತಾಳ. ನಿನ್ನಿ ನಾ ಭಾಲ್ಕಿ ಬಜಾರ್‌ನ್ಯಾಗ ಕೂತು ಅದನ್ನೇ ಫೋನಿಗಿ ಹಾಕ್ದೆ, ಅಷ್ಟೇ."

ಜೇಬಿನಿಂದ ಚೀಟಿ ತೆಗೆದು ಕೊಟ್ಟರು. ಹುಡುಗಿಯ ಅಕ್ಷರವೇ. ತಾಳೆ ನೋಡಿದೆ. ಒಂಬತ್ತು ಹಾಗೇ ಇದ್ದವು, ಎಲ್ಲ ಸರಿ. ಹತ್ತನೆಯದು ಮಾತ್ರ ಚೀಟಿಯಲ್ಲಿ ತಪ್ಪು. ಫೋನಿನಲ್ಲಿ ಎರಡನೇ ಸಲಕ್ಕೆ ಸರಿ.

"ಇದನ್ನ ಯಾರು ಮಾಡಿದ್ರಿ?"

ಅಪ್ಪ ತಲೆ ತಗ್ಗಿಸಿದರು. ಮಗಳು ಬೆಪ್ಪಾಗಿ ಅವರನ್ನೇ ನೋಡಿದಳು.

"ಕೆಂಪು ಬಂತ್ರಿ ಮೇಡಂ. ಬೇಟಿ ನಂಬರ್ ಹೋಗ್ತದಂತ ಗಾಬರಿ ಆಯ್ತು. ಗಿರಾಕಿನೂ ಇರಲಿಲ್ಲ. ಅಕಿ ಬಾಕಿ ಲೆಕ್ಕ ಹ್ಯಾಂಗ ಬಿಡಿಸ್ಯಾಳಂತ ನೋಡ್ಕೋತ, ನಾನೂ ಒಂದೀಟು..."

ಚೀಟಿಯ ಹಿಂಬದಿ ತಿರುವಿದೆ. ದಪ್ಪ ದಪ್ಪ ಅಂಕಿಗಳು. ನಾಲ್ಕು ಸಲ ಬರೆದು ನಾಲ್ಕು ಸಲ ಕಾಟು ಹೊಡೆದಿದ್ದರು. ಮಗಳು ಮರೆತಿದ್ದ ಮೈನಸ್ಸು ಐದನೆಯದರಲ್ಲಿ ಸರಿಯಾದ ಜಾಗಕ್ಕೆ ಬಂದು ಕೂತಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು, ನನ್ನ ಮೇಲೆ ನನಗೇ ನಾಚಿಕೆಯಾಯಿತು. ಕ್ಲಾಸಿನ ಮುಂದೆ ಬೈದದ್ದನ್ನು ಕ್ಲಾಸಿನ ಮುಂದೆಯೇ ವಾಪಸು ತೆಗೆದುಕೊಂಡೆ. "ತಪ್ಪು ನಂದೇ, ಆಕಿದಲ್ಲ" ಎಂದೆ.

ಸೊನ್ನೆ ಹೊಡೆದು ಹಾಕಿ ಒಂಬತ್ತು ಬರೆದೆ. "ಹತ್ತನೇದು ಕೊಡ್ಲಿಕ್ಕ ಬರಂಗಿಲ್ರಿ. ಅದು ಆಕಿ ಮಾಡಿದ್ದಲ್ಲ."

"ಯಾಕ ಮಾಡ್ಲಿಕ್ಕ ಹೋದ್ರಿ, ಅಬ್ಬಾ!" ಎಂದು ಮಗಳು ಅಪ್ಪನತ್ತ ಮುಖ ಸಿಂಡರಿಸಿದಳು.

"ಬರೋಬ್ಬರ್ ಅದ ಮೇಡಂ, ಕಟ್ ಮಾಡ್ರಿ" ಎಂದು ಅಪ್ಪ ಗಂಟನ್ನು ಹೆಗಲಿಗೇರಿಸಿದರು. ಬಾಗಿಲು ದಾಟಿದವರು ಮತ್ತೆ ಒಳಗೆ ಇಣುಕಿದರು. ಮುಖದ ತುಂಬ ನಗು.

"ಆದ್ರ ನಂದು ಸರಿ ಇತ್ತಲ್ರಿ?"