ಮೂವತ್ತೆಂಟು ನಮೂನೆ, ಒಂದೇ ಉತ್ತರ

ಆ ಮೂವತ್ತೆಂಟು ಪ್ರಶ್ನೆ ನಮೂನೆಗಳನ್ನು ತುಂಬಿಸಿದ್ದು ಕುಷ್ಟಗಿ ಕಡೆಯ ಶಿಕ್ಷಕರ ಸಭೆಯಲ್ಲೋ ಯಲಬುರ್ಗಾ ಕಡೆಯದರಲ್ಲೋ ಎಂದು ಈಗ ಖಚಿತವಾಗಿ ಹೇಳಲಾರೆ. ಕುಷ್ಟಗಿ ಎಂದೇ ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ, ಹಾಗಾಗಿಯೇ ಅನುಮಾನ. ಹಲವು ಸಲ ಹೇಳಿದ ಸಂಗತಿ ನೆನಪಾಗಿ ಉಳಿಯುವುದಿಲ್ಲ, ಬಾಯಿಪಾಠವಾಗುತ್ತದೆ.

ನಾನಾಗ ಕೊಪ್ಪಳದಲ್ಲಿ ಎಂ.ಎಡ್. ಕೊನೆಯ ಸೆಮಿಸ್ಟರ್‌ನಲ್ಲಿದ್ದೆ. ನಮ್ಮದು ಅಳವಂಡಿ ಕಡೆಯ ಕುರಿ ಸಾಕುವ ಮನೆ. ತರಗತಿಯಲ್ಲಿ ಅಂಥ ಮನೆಯಿಂದ ಬಂದವನು ನಾನೊಬ್ಬನೇ. ಕುರಿಯ ಜೊತೆ ವಲಸೆ ಹೋಗುವವರ ಮಕ್ಕಳು ಶಾಲೆಯಲ್ಲಿ ಯಾಕೆ ಉಳಿಯುವುದಿಲ್ಲ ಎಂಬುದು ನನ್ನ ಪ್ರಬಂಧದ ವಿಷಯ. ಅದನ್ನು ಒಪ್ಪಿಸಲು ಹದಿನೆಂಟು ದಿನ ಉಳಿದಿತ್ತು. ತಪ್ಪಿದರೆ ಪದವಿ ಮುಂದಿನ ವರ್ಷಕ್ಕೆ. ಅಪ್ಪನ ಮೊಣಕಾಲು ಹೋಗಿತ್ತು, ಇನ್ನೊಂದು ವರ್ಷ ಎಂದರೆ ನಾನು ಕುರಿಯ ಹಿಂದೆ ಹೋಗಬೇಕಿತ್ತು.

ನನ್ನ ಮಾರ್ಗದರ್ಶಕರು ಕೆಟ್ಟವರಲ್ಲ, ಆದರೆ ಅವರಿಗೆ ಹದಿನಾಲ್ಕು ವಿದ್ಯಾರ್ಥಿಗಳು. ನಿಜವಾಗಿ ನನ್ನ ಬರಹ ಓದುತ್ತಿದ್ದವಳು ನಾವೆಲ್ಲ ಅಕ್ಕ ಎನ್ನುತ್ತಿದ್ದ ಹಿರಿಯಳು. ಕಾರಟಗಿಯವಳು, ತಾಯಿ ಅಕ್ಕಿ ಗಿರಣಿಯಲ್ಲಿ ಕೂಲಿ. ನಮ್ಮ ವಿಭಾಗದಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು. ಪ್ರತಿ ಭಾನುವಾರ ಬಸ್ ನಿಲ್ದಾಣದ ಹಿಂದಿನ ತನ್ನ ಬಾಡಿಗೆ ಕೋಣೆಗೆ ನಮ್ಮಂಥ ನಾಲ್ಕು ಮಂದಿಯನ್ನು ಕರೆಯುತ್ತಿದ್ದಳು. ಪೆನ್ನು ಹಿಡಿದು ತಿದ್ದುತ್ತಿರಲಿಲ್ಲ. ನಾವು ಒಂದೊಂದು ಪುಟ ಜೋರಾಗಿ ಓದಬೇಕು, ಅವಳು ನಡುವೆ ಒಂದೇ ಮಾತು ಕೇಳುತ್ತಿದ್ದಳು: "ಇದನ್ನ ಯಾರು ಹೇಳಿದ್ರು?"

ಆ ಭಾನುವಾರ ನಾನು ಹೆಮ್ಮೆಯಿಂದಲೇ ಓದಿದೆ. ಮಕ್ಕಳು ಶಾಲೆ ಬಿಡಲು ಕಾರಣ, ಪಾಲಕರಿಗೆ ಆಸಕ್ತಿ ಇಲ್ಲದಿರುವುದು. ಶಿಕ್ಷಕರೆಲ್ಲರ ಅಭಿಪ್ರಾಯ ಇದೇ.

"ಎಷ್ಟ ಮಂದಿ ಶಿಕ್ಷಕರು?"

"ಮೂವತ್ತೆಂಟು."

"ಸ್ವಂತ ವಿಚಾರ ಮಾಡಿ ಬರದವರು ಎಷ್ಟ ಮಂದಿ?"

ನಾನು ಕಟ್ಟು ಬಿಚ್ಚಿದೆ. ಮೂವತ್ತೆಂಟು ಕೈಬರಹ, ಒಂದೇ ವಾಕ್ಯ. ಮೊದಲನೆಯದರಲ್ಲಿ ಹೊಡೆದು ಹಾಕಿ ಮತ್ತೆ ಬರೆದಿದ್ದ ಪದವನ್ನು ಹನ್ನೆರಡು ಜನ ಹಾಗೇ ಹೊಡೆದು ಹಾಕಿ ಬರೆದಿದ್ದರು.

ಅಕ್ಕನನ್ನು ಮೊನ್ನೆ ಫೋನಿನಲ್ಲಿ ಕೇಳಿದರೆ ಬೇರೆಯೇ ಹೇಳಿದಳು. "ನಾ ಎಲ್ಲಿ ಹಿಡದೆ ತಮ್ಮಾ? ನೀನ ಬಾಗಲದಾಗ ನಿಂತು ಹೇಳಿದ್ದಿ, ಎಲ್ಲಾ ಒಂದ ಥರಾ ಅದಾವ ಅಂತ. ಮಾರಿ ನೋಡಬೇಕಿತ್ತು ನಿಂದು." ಇದ್ದರೂ ಇರಬಹುದು. ಆದರೆ ಹಾಗಾಗಿದ್ದರೆ ನಾನು ಆ ಪುಟವನ್ನು ಹೆಮ್ಮೆಯಿಂದ ಓದಿದ್ದು ಯಾವಾಗ? ಓದಿದ್ದಂತೂ ಹೌದು. ನಮ್ಮಪ್ಪನಂಥವರ ಬಗ್ಗೆಯೇ ಬರೆದ ಆ ವಾಕ್ಯ ನನಗೆ ಚುಚ್ಚಲಿಲ್ಲ ಎಂಬುದು ಮರೆತಿಲ್ಲ.

ಆ ಭಾನುವಾರದ ಮರುದಿನ ಅವಳು ತನ್ನ ಪಿಎಚ್.ಡಿ. ಅಧ್ಯಾಯ ಬದಿಗಿಟ್ಟು ನನ್ನ ಜೊತೆ ಬಸ್ಸು ಹತ್ತಿದಳು. ಸಭೆ ನಡೆದಿದ್ದ ಶಾಲೆಯ ಮುಖ್ಯೋಪಾಧ್ಯಾಯರು ಚಹಾ ತರಿಸಿದರು. ಅವರಿಗೆ ಇದರಲ್ಲಿ ತಪ್ಪೇನು ಎಂಬುದೇ ತಿಳಿಯಲಿಲ್ಲ.

"ಎಲ್ಲಾ ನಮೂನಿ ಹಂಗ ತುಂಬತೀವ್ರಿ. ಒಬ್ಬರು ಬರೀತಾರ, ಉಳದವರು ನೋಡಿ ಬರೀತಾರ. ಬ್ಯಾರೆ ಬ್ಯಾರೆ ಬರದ್ರ ಮ್ಯಾಲಿಂದ ಫೋನ್ ಬರತಾವ. ನಿಮಗ ಛಲೋ ಆಗ್ಲಿ ಅಂತ ಒಂದೂ ತಪ್ಪಿಲ್ಲದಂಗ ಮಾಡಿ ಕೊಟ್ಟೀವಿ."

"ಭಾಳ ಉಪಕಾರ ಆತ್ರಿ," ಎಂದಳು ಅಕ್ಕ, ನಗದೆ. "ಈಗ ಒಬ್ಬೊಬ್ಬರನ್ನ ಮಾತಾಡಸ್ತೀವಿ."

ಹೊರಗೆ ಬಂದ ಮೇಲೆ ನನಗೆ, "ನಮೂನಿ ಚೀಲದಾಗ ಇಡು. ಅದು ಕಂಡ್ರ ಕೈ ತಾನ ಬರೀತೈತಿ," ಎಂದಳು.

ಹನ್ನೊಂದು ದಿನ ಶಾಲೆಯಿಂದ ಶಾಲೆಗೆ ಹೋದೆ. ಮೊದಲ ಎರಡು ದಿನ ಮಾತ್ರ ಅಕ್ಕ ಬಂದಳು. ಹದಿನಾಲ್ಕು ಜನ ಸಿಕ್ಕರು. ಒಬ್ಬ ಟೀಚರು, ಬೇವಿನ ಮರದ ಕೆಳಗೆ ಮಕ್ಕಳಿಗೆ ಊಟ ಬಡಿಸುತ್ತಲೇ, "ಆಸಕ್ತಿ ಇಲ್ಲ ಅಂತ ನಾನೂ ಬರದೇನ್ರಿ," ಎಂದರು. "ಆದ್ರ ಒಬ್ಬ ಕುರಿಯವ ವಾರಕ್ಕೊಮ್ಮೆ ಎಲ್ಲಿಂದರೆ ಫೋನ್ ಹಚ್ಚತಾನ. ಮಗಳ ಕಿವಿಗೆ ಹಿಡೀತಾನ, ಆಕಿ ಪಾಠ ಓದತಾಳ, ನಾ ಕೇಳತೀನಿ. ಹಿಂದ ಕುರಿ ಒದರತಿರತಾವ."

"ಹಂಗಾದ್ರ ಆ ಹುಡುಗಿ ಹಾಜರಿ?"

"ಹೆಸರು ತಗದೀವ್ರಿ," ಎಂದು ಸಾರಿನ ಸೌಟು ಪಾತ್ರೆಯಲ್ಲಿಟ್ಟರು.

ಕೊನೆಯ ದಿನ ಮಾರ್ಗದರ್ಶಕರು ಹಾಳೆ ತಿರುವಿ ಹಾಕಿ, ಮೂವತ್ತೆಂಟು ಇದ್ದದ್ದು ಹದಿನಾಲ್ಕಾಗಿದೆ, ಇದಕ್ಕೆ ಸಹಿ ಹೇಗೆ ಹಾಕಲಿ ಎಂದರು. ಅಕ್ಕ ನನ್ನ ಜೊತೆಗೇ ಬಂದಿದ್ದಳು. ಅವಳ ಪಿಎಚ್.ಡಿ.ಗೂ ಅವರದೇ ಸಹಿ ಬೇಕಿತ್ತು.

"ಸರ್, ಆ ಮೂವತ್ತೆಂಟೂ ಅನುಬಂಧದಾಗ ಇರಲಿ. ಹೆಂಗ ತುಂಬಿದ್ರು ಅಂತ ಒಂದು ಪುಟ ಬರದಾನ. ಅದನ್ನಷ್ಟ ಓದ್ರಿ."

ಅವರು ನಿಂತೇ ಓದಿದರು, ಆಮೇಲೆ ಕೂತರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಮುಗಿಸಿದ ಮೇಲೆ, "ಶಿಕ್ಷಕನಾಗಿದ್ದಾಗ ನಾನೂ ಹೀಗೇ ತುಂಬಿದ್ದೆ," ಎಂದು ಸಹಿ ಹಾಕಿದರು. ಆಫೀಸಿನ ಕಿಟಕಿ ಮುಚ್ಚುವ ಮೊದಲು ಪ್ರಬಂಧ ಒಳಗೆ ಹೋಯಿತು.

ಭಾನುವಾರಗಳೂ ಮುಗಿದವು ಎಂದುಕೊಂಡಿದ್ದೆ. ಮೆಟ್ಟಿಲಿಳಿಯುತ್ತ ಅಕ್ಕ, "ಈ ಭಾನುವಾರನೂ ಬಾ. ಗಂಗಾವತಿ ಹುಡುಗಿ ನಮೂನಿ ತುಂಬಿಸಿ ತಂದಾಳ. ನನ್ನ ಅಧ್ಯಾಯ ಹಂಗ ಬಿದ್ದೈತಿ, ಆಕಿದು ನೀ ನೋಡು," ಎಂದಳು.

ಹೋದೆ. ಮೊದಲ ಎರಡು ನಮೂನೆಗಳನ್ನು ಪಕ್ಕಪಕ್ಕದಲ್ಲಿಟ್ಟೆ. ಉತ್ತರ ಬೇರೆ ಬೇರೆ ಇದ್ದವು. ಆ ಹುಡುಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಮೂರನೆಯದನ್ನೂ ತೆಗೆದೆ.