ಅಕ್ಕಾರು ಕೈಗೆ ಕಲಿಸಿದ ಪ್ರಾರ್ಥನೆ

ನಮಗೆ ಪಾಠ ಹೇಳುವ ಟೀಚರ್, ಅಂದರೆ ನಮ್ಮ ಅಕ್ಕಾರ ಪಾದಗಳು ಮೊದಲು ಕಾಣುತ್ತಿದ್ದವು. ಮಳೆಗಾಲದಲ್ಲಿ ನವಲಗುಂದದ ಬಸ್ಸಿಳಿದು ನಮ್ಮ ಓಣಿಗೆ ಬರುವಷ್ಟರಲ್ಲಿ ಎರಿಮಣ್ಣು ಮೀನಖಂಡದ ತನಕ ಮೆತ್ತಿ, ಕರಿ ಬೂಟು ಹಾಕಿದಂತೆ ಇರುತ್ತಿತ್ತು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಹಿತ್ತಾಳೆ ಗಂಟೆ. ಕಾಲು ತೊಳೆಯುವ ಮೊದಲೇ ಗಂಟೆ ಬಾರಿಸುವರು. ಅಲ್ಲಿಗೆ ಭಾನುವಾರದ ಧರ್ಮೋಪದೇಶದ ಪಾಠ ಸುರು.

ಗೋವೆಯ ಚರ್ಚಿನಲ್ಲಿ ಯಾರ ದೇಹವನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೋ ಆ ಸಂತರ ಮೇಲೆ ಅಕ್ಕಾರಿಗೆ ಎಂಥ ಪ್ರೀತಿ ಅಂತೀರಿ! ಅವರೂ ಹೀಗೇ ಗಂಟೆ ಬಾರಿಸುತ್ತ ಓಣಿ ಓಣಿ ತಿರುಗಿ ಮಕ್ಕಳನ್ನು ಕೂಡಿಸುತ್ತಿದ್ದರಂತೆ. ಅದನ್ನು ತಮ್ಮ ಸ್ವಂತ ಕಾಕಾನ ಸುದ್ದಿ ಹೇಳಿದಂತೆ ಹೇಳುವರು. ಬೈಯುವುದೂ ಸಂತರ ಹೆಸರಲ್ಲೇ: "ಲೇ, ಅವ್ರು ಸಮುದ್ರ ದಾಟಿ ಬಂದ್ರು. ನಿನಗ ಓಣಿ ದಾಟಿ ಬರಾಕ ಆಗಲಿಲ್ಲೇನು?"

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅವಳ ಓರಗೆಯವರೆಲ್ಲ ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಪಡೆಯಲು ತಯಾರಾಗುವಾಗ ಇವಳು ಸುಮ್ಮನೆ ನೋಡುತ್ತಿದ್ದಳು. ಅವ್ವ ಆಸೆ ಬಿಟ್ಟಿದ್ದಳು. "ಮಂತ್ರಾ ಹೇಳಾಕ ಬರದ ಹುಡುಗಿಗೆ ಪ್ರಸಾದ ಯಾರು ಕೊಡ್ತಾರ್ರಿ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಅಕ್ಕಾರು ಅಗದಿ ಸಿಟ್ಟಾದರು. "ಸಂತರು ಸಮುದ್ರದ ದಂಡಿಗೆ ಇಳಿದಾಗ ಅಲ್ಲಿ ಮಂದಿ ಮಾತು ಅವ್ರಿಗೆ ಬರ್ತಿತ್ತೇನು? ಅವ್ರೂ ಮೂಗರ ಇದ್ರ ಬೇ. ಹುಡುಗೀನ್ನ ಕಳಸು ನೀ."

ವರ್ಷವಿಡೀ ಕಲಿಸಿದರು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎನ್ನುವ ಪರಲೋಕ ಮಂತ್ರವನ್ನು ಪೂರಾ ಕೈಗಿಳಿಸಿದರು. ತಂದೆ ಎಂದರೆ ತಲೆಗೆ ರುಮಾಲು ಸುತ್ತುವುದು. ಪರಲೋಕ ಎಂದರೆ ಮಾಳಿಗೆಗಿಂತ ಮೇಲಕ್ಕೆ ಬೆರಳು. ಕ್ಷಮಿಸು ಎಂದರೆ ಅಂಗೈಯ ಹಿಟ್ಟು ಝಾಡಿಸುವುದು. ನಾನು ಹಿಂದೆ ಕೂತು ಕಿಸಕ್ಕೆಂದು ನಗುತ್ತಿದ್ದೆ. ಬರಬರುತ್ತ ನಗು ಹೋಗಿ ಮೈಮೇಲೆ ಮುಳ್ಳೇಳತೊಡಗಿದವು.

ಪರೀಕ್ಷೆಯ ದಿನ ಫಾದರ್ ಮೇಜಿನ ಮೇಲೆ ಒಂದು ಜೋಳದ ರೊಟ್ಟಿ ಇಟ್ಟರು. ಬಾಜು, ಪೂಜೆಯಲ್ಲಿ ಪ್ರಸಾದವಾಗುವ ಬಿಳಿ ಗೋದಿಬಿಲ್ಲೆ ಓಸ್ತಿ, ಇನ್ನೂ ಪೂಜೆಗೆ ಏರದ್ದು. ಮನೆಯ ಊಟ ಯಾವುದು, ಕ್ರಿಸ್ತನ ದೇಹವಾಗುವುದು ಯಾವುದು, ಇಷ್ಟು ತಿಳಿದಿದ್ದರೆ ಸಾಕು ಎಂದರು. ಅಕ್ಕಾರು ಅದನ್ನು ಕೈಯಲ್ಲೇ ತಂಗಿಗೆ ಕೇಳಿದರು. ತಂಗಿ ರೊಟ್ಟಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಫಾದರ್ ಮುಖ ಸಣ್ಣದಾಯಿತು. ಕರಾವಳಿಯವರು, ನಮ್ಮ ಊರಿಗೆ ಹೊಸಬರು. "ಇವಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ ಟೀಚರ್. ಮುಂದಿನ ವರ್ಷ ನೋಡುವ."

ಅವ್ವ ಆಗಲೇ ಎದ್ದಿದ್ದಳು. ಅಕ್ಕಾರು ಅವಳ ರಟ್ಟೆ ಹಿಡಿದು ಕೂಡಿಸಿದರು. "ಫಾದರ್, ನಮ್ಮ ಕಡೆ ರೊಟ್ಟಿನೂ ಕಣ್ಣಿಗೆ ಒತ್ಕೋತಾರ್ರಿ, ಅನ್ನಾ ದೇವ್ರಂತ. ಒಂಚೂರು ತಡೀರಿ. ಆಕಿ ಇನ್ನೂ ಮುಗಿಸಿಲ್ಲ."

ತಂಗಿ ರೊಟ್ಟಿ ಮುರಿದಳು. ಅರ್ಧ ಫಾದರ್ ಕೈಗೆ ಕೊಟ್ಟು ಅರ್ಧ ತಾನು ತಿಂದಳು. ಲಂಗಕ್ಕೆ ಕೈ ಒರೆಸಿಕೊಂಡು, ಓಸ್ತಿಯನ್ನು ಮುಟ್ಟದೆ ಮೊಣಕಾಲೂರಿದಳು. ಗೋಡೆಯ ಶಿಲುಬೆ ತೋರಿಸಿದಳು, ಓಸ್ತಿ ತೋರಿಸಿದಳು, ಎದೆ ಮುಟ್ಟಿಕೊಂಡು ಬಾಯಿ ತೆರೆದಳು. ಫಾದರ್ ತಮ್ಮ ಪಾಲಿನ ರೊಟ್ಟಿಯನ್ನು ಮೆಲ್ಲಗೆ ಕಣ್ಣಿಗೆ ಒತ್ತಿಕೊಂಡರು.

"ಈ ಭಾನುವಾರವೇ ಕೊಡುವ," ಎಂದರು.

ಹೊರಗೆ ಅವ್ವ ಅಕ್ಕಾರ ಕಾಲಿಗೆ ಬೀಳಹೋದಳು. "ಏ, ನನ್ನ ಕಾಲ್ಯಾಕ ಹಿಡೀತಿ? ಗೋವಾಕ್ಕ ಹೋಗಿ ಅವ್ರ ಕಾಲು ಹಿಡಿ," ಎಂದು ಗದರಿ, ಬಸ್ಸು ತಪ್ಪೀತೆಂದು ಓಡಿಯೇ ಬಿಟ್ಟರು. ಇಂಥವರನ್ನು ನಾನು ಮತ್ತೆ ಕಂಡಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕಾರಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರ ಎಡಗೈ ಹಾಸಿಗೆಯ ಮೇಲೆ ಒಂದೇ ಸವನೆ ಆಡುತ್ತಿತ್ತು. "ಏನ್ ಬೇಕ್ರೀ? ನೀರ್ ಬೇಕೇನ್ರೀ?" ಎಂದು ನಾನು, ಅವ್ವ ಒದ್ದಾಡಿದೆವು. ತಂಗಿ ಬಂದು ಒಮ್ಮೆ ನೋಡಿದಳು, ಅಷ್ಟೇ. ಮಂಚದ ಮೇಲೆ ಅವರೆದುರು ಕೂತು ತಲೆಗೆ ರುಮಾಲು ಸುತ್ತಿ ತೋರಿಸಿದಳು. ಅಕ್ಕಾರ ಕಣ್ಣು ತುಂಬಿ ಬಂದವು. ಇಬ್ಬರೂ ಕೂಡಿ ಪ್ರಾರ್ಥನೆ ಸುರು ಮಾಡಿದರು.

ಅರ್ಧಕ್ಕೆ ಅಕ್ಕಾರ ಕೈ ನಿಂತಿತು, ಉಸಿರೂ ನಿಂತಿತು. ತಂಗಿ ಅಳಲಿಲ್ಲ. ಆ ಕೈಯನ್ನು ತನ್ನ ಕೈಯಲ್ಲಿ ಎತ್ತಿಕೊಂಡು, ಉಳಿದ ಪ್ರಾರ್ಥನೆಯನ್ನು ಅದರಿಂದಲೇ ಹೇಳಿಸಿ ಮುಗಿಸಿದಳು.